ಕಿಟಕಿ ಪಕ್ಕದ ಅತ್ತಿಗೆ

ವಾಚಣ್ಣನ ಕೈಯಲ್ಲಿ ಯಾವಾಗ ನೋಡಿದರೂ ಎರಡು ಮರದ ತುಂಡುಗಳಿರುತ್ತವೆ. ಒಂದು ತಿಳಿ ಬಣ್ಣದ್ದು, ಇನ್ನೊಂದು ಗಾಢ ಬಣ್ಣದ್ದು. ಎದುರಿಗೆ ಸಿಕ್ಕವರು ಹಾಲಿನವರಾಗಲಿ, ಕೊರಿಯರಿನವರಾಗಲಿ, ಎರಡನ್ನೂ ಜೋಡಿಸಿ ಅವರ ಮೂಗಿನ ಮುಂದೆ ಹಿಡಿದು, "ಹಿಂದುಗಡೆಗೆ ಇದೋ, ಇಲ್ಲಾ ಅದೋ?" ಅಂತ ಕೇಳುತ್ತಾನೆ. ಕೊರಿಯರಿನವನು ಪಾಪ, ಸಹಿಯನ್ನು ಈ ಮನುಷ್ಯ ಮರದ ಮೇಲೆ ಹಾಕಿಕೊಡುತ್ತಾನೋ ಏನೋ ಅಂತ ಪೆನ್ನು ಹಿಡಿದು ನಿಂತದ್ದೂ ಉಂಟು. ಯಾರಾದರೂ ಧೈರ್ಯ ಮಾಡಿ "ಇದು" ಅಂದರೆ ವಾಚಣ್ಣನಿಗೆ ತಕ್ಷಣ ಇನ್ನೊಂದು, ಅದೇ ಚೆನ್ನ ಅನ್ನಿಸುತ್ತದೆ. "ಅದು" ಅಂದರೆ, ಇಷ್ಟು ಬೇಗ ಹೇಗೆ ಹೇಳಿದರು, ಸರಿಯಾಗಿ ನೋಡಿಯೇ ಇಲ್ಲ ಅನ್ನಿಸುತ್ತದೆ.

ಮೊದಲು ಅವನು ವಾಚು ರಿಪೇರಿ ಮಾಡುತ್ತಿದ್ದ. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಇಪ್ಪತ್ತೆಂಟು ವರ್ಷ ಕೂತಿದ್ದ. ಜನ ಗಂಟೆ ನೋಡಲು ಜೇಬಿನಿಂದ ಮೊಬೈಲು ತೆಗೆಯತೊಡಗಿದ ಮೇಲೆ ಅಂಗಡಿಗೆ ಬರುವವರು ಎರಡೇ ಥರ ಉಳಿದರು. ಬ್ಯಾಟರಿ ಹಾಕಿಸುವವರು ಮತ್ತು ದಾರಿ ಕೇಳುವವರು. ಅಂಗಡಿ ಮುಚ್ಚಿತು, ಹೆಸರು ಮುಚ್ಚಲಿಲ್ಲ. ಬೀದಿಗೆಲ್ಲ ಇವತ್ತಿಗೂ ಅವನು ವಾಚಣ್ಣನೇ. ಅವನ ಕೈಯಲ್ಲಿ ಮಾತ್ರ ವಾಚಿಲ್ಲ. ಉಳಿದುಹೋದ ಹದಿನೇಳರಲ್ಲಿ ಯಾವುದನ್ನು ಕಟ್ಟಿಕೊಳ್ಳಬೇಕು ಅಂತ ಇನ್ನೂ ತೀರ್ಮಾನವಾಗಿಲ್ಲ.

ಈಗ ಅವನು ಮರದಲ್ಲಿ ಮುಖ ಕತ್ತರಿಸುತ್ತಾನೆ. ಮನೆಯ ಹಿಂದಿನ ಚಿಕ್ಕ ಕೋಣೆಯಲ್ಲಿ ಸ್ಕ್ರೋಲ್ ಸಾ ಅನ್ನುವ ಮಷೀನಿದೆ. ನೋಡಲು ಹೊಲಿಗೆ ಮಷೀನಿನ ದಾಯಾದಿ. ಸೂಜಿ ಇರಬೇಕಾದ ಜಾಗದಲ್ಲಿ ದಾರದಷ್ಟು ತೆಳ್ಳಗಿನ ಗರಗಸ ಮೇಲೆ ಕೆಳಗೆ ಓಡುತ್ತದೆ. ಗಿರಾಕಿ ಕೊಟ್ಟ ಫೋಟೋದಲ್ಲಿ ಕಪ್ಪು ಎಲ್ಲೆಲ್ಲಿದೆ ಅಂತ ಗೆರೆ ಎಳೆದು, ಆ ಕಾಗದವನ್ನು ತಿಳಿ ಬಣ್ಣದ ತೆಳು ಹಲಗೆಗೆ ಅಂಟಿಸಿ, ಕೂದಲು, ಹುಬ್ಬು, ಕಣ್ಣಿನ ಗುಡ್ಡೆ, ಮೂಗಿನ ಪಕ್ಕದ ನೆರಳು ಎಲ್ಲವನ್ನೂ ಕತ್ತರಿಸಿ ತೆಗೆಯುತ್ತಾನೆ. ಉಳಿದದ್ದನ್ನು ನೋಡಿದರೆ ಇಲಿ ಕಡಿದ ಹಲಗೆ. ಅದರ ಬೆನ್ನಿಗೆ ಗಾಢ ಬಣ್ಣದ ಇನ್ನೊಂದು ಹಲಗೆ ಅಂಟಿಸಿದ ಕೂಡಲೇ ತೂತುಗಳಲ್ಲಿ ಕಪ್ಪು ತುಂಬಿಕೊಂಡು, ಇದ್ದಕ್ಕಿದ್ದ ಹಾಗೆ ಯಾರೋ ನಮ್ಮನ್ನು ನೋಡುತ್ತಿರುತ್ತಾರೆ. ಎಲ್ಲವೂ ಆ ಎರಡು ಬಣ್ಣಗಳ ಜಗಳದ ಮೇಲೆ ನಿಂತಿದೆ. ಜಗಳ ಜೋರಾಗಿದ್ದರೆ ಮುಖ ಕಾಣುತ್ತದೆ. ರಾಜಿಯಾಗಿಬಿಟ್ಟರೆ ಬರೀ ಹಲಗೆ ಕಾಣುತ್ತದೆ.

ಬಂದವರಿಗೆ ತೋರಿಸಲಿಕ್ಕೆ ಅಂತ ನಡುಮನೆಯ ಗೋಡೆಯಲ್ಲಿ ಮನೆಯವರದ್ದೇ ಆರು ಮುಖಗಳಿವೆ. ಪ್ರತಿಯೊಂದರ ಕೆಳಗೂ ಹಿತ್ತಾಳೆಯ ಹೆಸರಿನ ತಗಡು. ಅದರ ಮೇಲೆ ಏನು ಕೆತ್ತಬೇಕು ಅನ್ನುವುದರಲ್ಲೇ ಅವನು ಒಂದು ಇಡೀ ಮಳೆಗಾಲ ಕಳೆದಿದ್ದ. ಪೂರ್ತಿ ಹೆಸರೋ, ಇನಿಷಿಯಲ್ಲೋ, ಮನೆಯಲ್ಲಿ ಕರೆಯುವ ಹೆಸರೋ? ಕೊನೆಗೆ ತನ್ನ ಬಾಯಿಗೆ ಏನು ಬರುತ್ತದೋ ಅದನ್ನೇ ಕೆತ್ತಿದ. ಅಣ್ಣ, ಅತ್ತಿಗೆ, ಅಕ್ಕ, ಭಾವ. ತನ್ನ ಮುಖದ ಕೆಳಗೆ "ನಾನು". ಹೆಂಡತಿಯ ಮುಖದ ಕೆಳಗೆ, ದಿನಾ ಕೂಗುವ ಹಾಗೆ, "ಇವಳೇ". ಹೆಂಡತಿ ಅದನ್ನು ಓದಿ, "ಬಂದವರೆಲ್ಲ ಇವಳೇನಾ ಅಂತ ನನ್ನ ಕಡೆ ಬೆರಳು ತೋರಿಸಿ ಕೇಳಲಿ ಅಂತಲಾ?" ಅಂದಳು. ಮೂರು ದಿನ ಮಾತಿಲ್ಲ ಕತೆಯಿಲ್ಲ. ನಾಲ್ಕನೆಯ ದಿನ ಅವಳೇ ಹೇಳಿ ಬರೆಸಿದ ತಗಡು ಬಂತು: ಯಜಮಾನಿ.

ಆರರಲ್ಲಿ ಮೊದಲು ಮಾಡಿದ್ದು ಅತ್ತಿಗೆಯದ್ದು. ಅತ್ತಿಗೆ ಅಣ್ಣನನ್ನು ಮದುವೆಯಾಗಿ ಬಂದಾಗ ವಾಚಣ್ಣನಿಗೆ ಒಂಬತ್ತು ವರ್ಷ, ತಾಯಿ ತೀರಿಕೊಂಡು ಎರಡು ವರ್ಷ. ಅತ್ತಿಗೆ ತವರಿನಿಂದ ತಂದದ್ದು ಒಂದು ಟ್ರಂಕು, ಒಂದು ಹೊಲಿಗೆ ಮಷೀನು. ಆ ಮಷೀನಿನ ಸದ್ದಿನಲ್ಲೇ ಅವನು ಬೆಳೆದ, ಓದಿದ, ಓದಿನಲ್ಲಿ ಫೇಲಾದ. ನಲವತ್ತೇಳು ವರ್ಷಗಳಲ್ಲಿ ಅತ್ತಿಗೆಗೆ ಬೇಜಾರು ಮಾಡಿದ್ದು ಅವನಿಗೆ ನೆನಪಿಲ್ಲ. ಈಗ ಮನೆ ಬೇರೆ ಬೇರೆ, ಆದರೂ ಪ್ರತಿ ಭಾನುವಾರ ಹತ್ತು ಗಂಟೆಗೆ ಅತ್ತಿಗೆ ಬರುತ್ತಾರೆ, ಕಿಟಕಿ ಪಕ್ಕದ ಕುರ್ಚಿಯಲ್ಲಿ, ತಮ್ಮದೇ ಮುಖದ ಕೆಳಗೆ ಕೂರುತ್ತಾರೆ, ಕಾಫಿ ಕುಡಿಯುತ್ತಾರೆ, ಬೀದಿಯಲ್ಲಿ ಹೋಗುವವರ ಬಟ್ಟೆಯ ಹೊಲಿಗೆಯಲ್ಲಿ ತಪ್ಪು ಹುಡುಕುತ್ತಾರೆ, ಹನ್ನೆರಡಕ್ಕೆ ಏಳುತ್ತಾರೆ. ಯಾರೂ ವಾಚು ಕಟ್ಟದ ಆ ಮನೆಯಲ್ಲಿ ಭಾನುವಾರದ ಹತ್ತು ಗಂಟೆ ಅಂದರೆ ಅತ್ತಿಗೆಯ ಚಪ್ಪಲಿಯ ಸದ್ದು.

ಆ ಸದ್ದು ನಿಂತುಹೋಗುವ ಹಾಗಾದದ್ದು ಹಲ್ಲಿನ ಡಾಕ್ಟರಿಂದ.

ಡಾಕ್ಟರಿಗೆ ತಮ್ಮ ಕ್ಲಿನಿಕ್ಕಿನಲ್ಲಿ, ದವಡೆ ಹಿಡಿದುಕೊಂಡು ಕಾಯುವವರ ಎದುರಿಗೆ, ತಮ್ಮ ತಂದೆಯವರ ಮುಖ ತೂಗುಹಾಕುವ ಆಸೆ. ಭಾನುವಾರ ಬೆಳಿಗ್ಗೆ ಫೋಟೋ ತಂದಿದ್ದರು. ವಾಚಣ್ಣ ಹನ್ನೊಂದು ಜೊತೆ ಮರ ಹರಡಿ ಇದೋ ಅದೋ ಶುರು ಮಾಡಿದ. ಬೇರೆ ಗಿರಾಕಿಗಳು ಇಷ್ಟು ಹೊತ್ತಿಗೆ ಬೆವರುತ್ತಾರೆ. ಡಾಕ್ಟರಿಗೆ ಸಡಗರ.

"ನಮ್ಮಲ್ಲೂ ಇದೇ ಪಾಡು ನೋಡಿ," ಅಂದರು. "ಹೊಸ ಹಲ್ಲು ಕಟ್ಟೋವಾಗ ಬಣ್ಣ ಆರಿಸ್ಬೇಕು. ಬಿಳಿ ಅಂದ್ರೆ ಒಂದು ಬಿಳಿ ಅಲ್ಲ. ನಮಗೆ ಪಕ್ಕದ್ದಕ್ಕೆ ಹೊಂದಬೇಕು, ನಿಮಗೆ ಹೊಂದಬಾರದು. ಅಷ್ಟೇ ವ್ಯತ್ಯಾಸ."

ಆಮೇಲೆ ಎದ್ದು, ಕೈ ಹಿಂದೆ ಕಟ್ಟಿಕೊಂಡು, ಗೋಡೆಯ ಮೇಲಿನ ಮುಖಗಳನ್ನು ಸಾಲಾಗಿ ನೋಡುತ್ತ ಹೋದರು.

"ನಾನು," ಅಂತ ಓದಿದರು. "ಇದ್ಯಾರು?"

"ನಾನೇ."

"ನೀವಾ?" ಡಾಕ್ಟರು ಹಲಗೆಯನ್ನೂ ವಾಚಣ್ಣನ ಹೊಟ್ಟೆಯನ್ನೂ ಒಮ್ಮೆ ನೋಡಿದರು. "ಕುತ್ತಿಗೆವರೆಗೆ ಮಾತ್ರ ಮಾಡಿದ್ದು ಒಳ್ಳೇದಾಯ್ತು."

ಹಾಗೇ ಮುಂದೆ ಬಂದು ಕಿಟಕಿಯ ಹತ್ತಿರ ನಿಂತರು. ಬಗ್ಗಿದರು. ಕನ್ನಡಕ ಹಣೆಗೇರಿಸಿದರು. "ಇದೊಂದು ಇನ್ನೂ ಕೊರೆದಿಲ್ವಾ? ತಗಡು ಮೊದಲೇ ಹೊಡೆದುಬಿಟ್ಟಿದ್ದೀರಿ."

ವಾಚಣ್ಣ ತಲೆಯೆತ್ತಿ ನೋಡಿದ. ಕಂದು ಹಲಗೆ. ಅದರ ಕೆಳಭಾಗದಲ್ಲಿ ಫಳಫಳ ಹೊಳೆಯುವ ತಗಡು: ಅತ್ತಿಗೆ. ತಗಡಿನ ಕೆಳಗೆ, ಕುರ್ಚಿಯಲ್ಲಿ, ಕಾಫಿ ಲೋಟ ಹಿಡಿದ ಅತ್ತಿಗೆ. ಮುಖ ಇರಬೇಕಾದ ಜಾಗದಲ್ಲಿ ಮುಖ ಇರಲಿಲ್ಲ. ಹತ್ತಿರ ಹೋಗಿ ಓರೆಯಾಗಿ ನೋಡಿದರೆ ಕತ್ತರಿಸಿದ ಗೆರೆಗಳು ಇವೆ. ಆದರೆ ಮೇಲಿನ ಮರವೂ ಕಂದು, ತೂತಿನೊಳಗಿನ ಮರವೂ ಕಂದು. ಕೂದಲು ಯಾವುದು ಹಣೆ ಯಾವುದು ಗೊತ್ತಾಗುವುದಿಲ್ಲ. ದಿನಕ್ಕೆ ಹತ್ತು ಸಲ ಈ ಗೋಡೆಯ ಮುಂದೆ ಓಡಾಡುವವನು ಅವನು. ಇದು ಯಾವಾಗ ಆಯಿತು? ಮೊನ್ನೆ ಇತ್ತಾ? ಹೋದ ವರ್ಷ?

ಅತ್ತಿಗೆ ಕುರ್ಚಿಯಲ್ಲೇ ತಿರುಗಿ ಮೇಲೆ ನೋಡಿದರು. "ಕೊರೆದಿದ್ದ," ಅಂದರು ಡಾಕ್ಟರಿಗೆ. "ಹನ್ನೆರಡು ವರ್ಷ ಆಯ್ತು."

ಆಮೇಲೆ ಉಳಿದ ಐದೂ ಮುಖಗಳನ್ನು ನಿಧಾನವಾಗಿ ನೋಡಿದರು. ಅಕ್ಕ ಬೆಳ್ಳಗೆ ನಗುತ್ತಿದ್ದಳು. ಭಾವನ ಮೀಸೆ ಬೀದಿಯಿಂದಲೇ ಕಾಣುವ ಹಾಗಿತ್ತು. "ಎಲ್ಲರದ್ದೂ ಚೆನ್ನಾಗೇ ಇದೆ," ಅಂದರು. ಲೋಟ ಕೆಳಗಿಟ್ಟು ಎದ್ದರು. "ಒಲೆ ಮೇಲೆ ಹಾಲಿಟ್ಟು ಬಂದಿದ್ದೀನಿ."

ಅತ್ತಿಗೆ ಬಂದು ಒಂದೂಕಾಲು ಗಂಟೆಯಾಗಿತ್ತು. ಅಂಥ ಹಾಲು ಯಾವುದು ಅಂತ ಕೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಮುಂದಿನ ಭಾನುವಾರ ಹತ್ತಾಯಿತು, ಹತ್ತೂವರೆಯಾಯಿತು, ಚಪ್ಪಲಿಯ ಸದ್ದಿಲ್ಲ. ವಾಚಣ್ಣ ಅಣ್ಣನಿಗೆ ಫೋನು ಮಾಡಿದ.

"ಅತ್ತಿಗೆ ಯಾಕಣ್ಣ ಬರಲಿಲ್ಲ?"

"ಕೆಲಸ ಇದೆಯಂತೆ."

"ಏನು ಕೆಲಸ?"

ಅಣ್ಣ ಫೋನನ್ನು ಪಕ್ಕಕ್ಕೆ ಹಿಡಿದು ಕೇಳಿದ್ದು ಇವನಿಗೂ ಕೇಳಿಸಿತು. "ಏನು ಕೆಲಸ ಅಂತ ಕೇಳ್ತಾನೆ." ಆ ಕಡೆಯಿಂದ ಏನೋ ಉತ್ತರ ಬಂತು. ಅಣ್ಣ ಫೋನಿಗೆ ವಾಪಸು ಬಂದ. "ಯೋಚನೆ ಮಾಡಿ ಹೇಳ್ತಾಳಂತೆ."

"ಕೋಪ ಮಾಡ್ಕೊಂಡಿದ್ದಾರಾ?"

"ನನಗೇನು ಗೊತ್ತು. ನಲವತ್ತೇಳು ವರ್ಷದಿಂದ ನಾನೂ ಅದನ್ನೇ ಕಂಡುಹಿಡಿಯೋಕೆ ನೋಡ್ತಾ ಇದ್ದೀನಿ." ಆಮೇಲೆ ಅಣ್ಣನೇ ಕೇಳಿದ, "ಬೇಕಾದ್ರೆ ನಾನು ಬರ್ಲಾ?"

ಅಣ್ಣ ಬಂದು ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತರೆ ಏನು ಬಂತು? ವಾಚಣ್ಣ ಬೇಡ ಅಂದ.

ಹೆಂಡತಿಯ ವಿಚಾರಣೆ ಆ ಮಧ್ಯಾಹ್ನವೇ ಶುರುವಾಯಿತು. "ನಿಜ ಹೇಳಿ. ಬೇರೆಯವರಿಗೆಲ್ಲ ಒಳ್ಳೇ ಮರ, ಅವರಿಗೆ ಮಿಕ್ಕಿದ್ದು ಹಾಕಿದ್ರಿ ತಾನೆ?"

"ಹಾಗೆ ಮಾಡ್ತೀನಾ ನಾನು?"

"ಮಾಡ್ತೀರ ಅಂತ ಅಲ್ಲ. ಮಾಡಿರ್ತೀರ, ಗೊತ್ತಾಗಿರಲ್ಲ. ನನ್ನದಕ್ಕೆ ಯಾವ ಮರ?"

"ಮೇಲೆ ಹಾಲೆ, ಹಿಂದೆ ಬೀಟೆ."

"ಅಕ್ಕನದ್ದು?"

"ಅದೂ ಹಾಲೆ, ಬೀಟೆ."

"ಅತ್ತಿಗೆಯದ್ದು?"

"ಹಲಸು. ಹಿಂದೆ ಬೀಟೆ."

"ಯಾಕೆ?"

ವಾಚಣ್ಣ ಗೋಡೆಯ ಕಡೆ ತಿರುಗಿದ. ಹಾಲೆ ಹಾಲಿನ ಥರ ಬಿಳಿ ಮರ, ಎಲ್ಲರಿಗೂ ಅದನ್ನೇ ಹಾಕಿದ್ದಾನೆ. ಅತ್ತಿಗೆಯೊಬ್ಬರಿಗೆ ಮಾತ್ರ ಹಲಸು. ಯಾಕೆ? ಬೇಕು ಅಂತ ಹಾಕಿದ್ದಾ, ಸಿಕ್ಕಿತು ಅಂತ ಹಾಕಿದ್ದಾ? ಹನ್ನೆರಡು ವರ್ಷದ ಹಿಂದೆ ಆ ಬೆಳಿಗ್ಗೆ ತಾನು ಏನು ಯೋಚಿಸಿದ್ದೆ ಅಂತ ಎಷ್ಟು ತಿಣುಕಿದರೂ ನೆನಪಾಗಲಿಲ್ಲ. ಹೆಂಡತಿ ಹೇಳಿದ್ದೇ ನಿಜವಿರಬಹುದಾ? ಮೇಲಾಗಿ ಎರಡು ಮರಗಳಲ್ಲಿ ತಪ್ಪು ಯಾವುದರದ್ದು? ಕರಿ ಬೀಟೆ ಎಲ್ಲರ ಬೆನ್ನ ಹಿಂದೆಯೂ ಇದೆ, ಯಾರ ಮುಖವೂ ಹೋಗಿಲ್ಲ. ಹಾಗಾದರೆ ಹಲಸಿನದ್ದು. ಆದರೆ ಹಲಸು ಅಂದರೆ ಹಳದಿ. ಮರ ತನ್ನಷ್ಟಕ್ಕೆ ತಾನು ಬಣ್ಣ ಬದಲಾಯಿಸಲು ಅದೇನು ಒಗೆದಾಗೆಲ್ಲ ಬಣ್ಣ ಬಿಡುವ ಭಾವನ ಅಂಗಿಯಾ?

ಮಾರನೆಯ ದಿನ ಸಾಮಿಲ್ಲಿಗೆ ಹೋದ. ಸಾಮಿಲ್ಲಿನ ಯಜಮಾನ ಹೆಬ್ಬೆರಳಿಗೆ ಎಂಜಲು ಹಚ್ಚಿ ಮರಕ್ಕೆ ಒತ್ತಿ, ಪಾಲಿಶ್ ಹೊಡೆದ ಮೇಲೆ ಯಾವ ಬಣ್ಣ ಬರುತ್ತದೆ ಅಂತ ಹೇಳುವ ಮನುಷ್ಯ. ಎಲ್ಲ ಕೇಳಿ, "ನೀನು ಏನೋ ಹಚ್ಚಿದ್ದೀಯ," ಅಂದ. ವಾಚಣ್ಣ ಎಲ್ಲದಕ್ಕೂ ಒಂದೇ ವಾರ್ನಿಶು ಹಚ್ಚಿದ್ದು. ಬುಧವಾರ ಹೋದಾಗ, "ಗೋಡೆ ತೇವ ಇರಬೇಕು," ಅಂದ. ಗೋಡೆ ಹಪ್ಪಳದ ಹಾಗೆ ಒಣಗಿತ್ತು. ಶುಕ್ರವಾರ ಹೋದಾಗ ದನಿ ತಗ್ಗಿಸಿ, "ಅವರಿಗೇನಾದ್ರೂ ಹುಷಾರಿಲ್ವಾ?" ಅಂತ ಕೇಳಿದ.

"ಅವರು ಕಲ್ಲುಗುಂಡಿನ ಹಾಗಿದ್ದಾರೆ. ಹಳೇ ಹಲಸು ನೀವು ನೋಡೇ ಇಲ್ವಾ?"

"ನಾನು ಹೊಸ ಮರ ಮಾರೋನಪ್ಪ. ಮನೆಗೆ ಹೋದ ಮೇಲೆ ಅದು ಹೇಗಿದೆ ಅಂತ ಹಿಂದೆ ಹಿಂದೆ ಹೋಗಿ ನೋಡೋಕಾಗುತ್ತಾ?"

ಎರಡನೆಯ ಭಾನುವಾರವೂ ಕುರ್ಚಿ ಖಾಲಿ. ವಾಚಣ್ಣ ಕಿಟಕಿಯಲ್ಲಿ ನಿಂತು ಬೀದಿಯ ತುದಿಯವರೆಗೆ ನೋಡಿದ. ಹೆಂಡತಿ ಅತ್ತಿಗೆಯ ಲೋಟಕ್ಕೂ ಕಾಫಿ ಸುರಿದು, ಆಮೇಲೆ ನೆನಪಾಗಿ ತಾನೇ ಕುಡಿದಳು.

ಹೊಸ ಮುಖ ಮಾಡಿಬಿಡುವುದು ಅಂತ ಅವನು ಆಗ ನಿಶ್ಚಯಿಸಿದ. ಹಳೆಯ ನಕ್ಷೆ ಹುಡುಕಿ ತೆಗೆದ. ಅದರಲ್ಲಿ ಅತ್ತಿಗೆಗೆ ದಟ್ಟ ಕಪ್ಪು ಕೂದಲು. ಮುಖ ಇದೆ, ಕೈ ಇದೆ, ಮಷೀನಿದೆ. ಇಲ್ಲದ್ದು ಮರದ ಮೇಲಿನ ನಂಬಿಕೆ. ಹಲಸು ಕೈಕೊಟ್ಟಿದೆ, ಹಾಲೆ ಮುಂದೊಂದು ದಿನ ಕೈಕೊಡುವುದಿಲ್ಲ ಅಂತ ಯಾರು ಬರೆದುಕೊಟ್ಟಿದ್ದಾರೆ? ತೇಗ? ಮಾವು? ಹದಿನಾಲ್ಕು ಜೊತೆ ತುಂಡುಗಳನ್ನು ಹಾಸಿಗೆಯ ಮೇಲೆ ಸಾಲಾಗಿಟ್ಟ. ಎಡಗಡೆಯದನ್ನು ಬಲಕ್ಕಿಟ್ಟ, ಮೇಲಿನದನ್ನು ಕೆಳಕ್ಕಿಟ್ಟ. ಊಟ ಮುಗಿಸಿ ಅಡ್ಡಾಗಲು ಬಂದ ಹೆಂಡತಿ, "ಇವರೆಲ್ಲ ಎದ್ದ ಮೇಲೆ ನನಗೂ ಸ್ವಲ್ಪ ಜಾಗ ಸಿಗುತ್ತಾ?" ಅಂತ ಕೇಳಿ ನಡುಮನೆಗೆ ಹೋಗಿ ಮಲಗಿದಳು.

ನಾಲ್ಕು ದಿನ ಹೀಗೆ ಆಚೆ ಈಚೆ ಇಟ್ಟು, ಕೊನೆಗೆ ಹಾಲೆ ಬೀಟೆಯೇ ಸೈ ಅಂದುಕೊಂಡು, ನಕ್ಷೆ ಅಂಟಿಸಿ, ಎರಡು ದಿನ ಉಸಿರು ಹಿಡಿದು ಕತ್ತರಿಸಿದ. ಹುಬ್ಬಿನ ತಿರುವು ಹನ್ನೆರಡು ವರ್ಷದ ಹಿಂದಿಗಿಂತ ಚೆನ್ನಾಗಿ ಬಂತು. ಹಿಂದಿನ ಹಲಗೆ ಅಂಟಿಸಿ, ಮೇಲಿನ ಕಾಗದ ಸುಲಿದು, ಬೆಳಕಿಗೆ ಹಿಡಿದ. ಆಚೆ ಈಚೆ ಇಡುವ ಭರದಲ್ಲಿ ನಕ್ಷೆಯನ್ನು ಬೀಟೆಗೆ ಅಂಟಿಸಿಬಿಟ್ಟಿದ್ದ. ಹಾಲೆ ಹಿಂದೆ ಹೋಗಿತ್ತು. ಮುಖವೆಲ್ಲ ಕರಿ, ಕೂದಲು ಹುಬ್ಬು ಕಣ್ಣುಗುಡ್ಡೆ ಬೆಳ್ಳಗೆ. ಕತ್ತಲಿನಿಂದ ಯಾರೋ ಎರಡು ಬಿಳಿ ಕಣ್ಣು ಬಿಟ್ಟುಕೊಂಡು ನೋಡಿದ ಹಾಗೆ.

ಹೆಂಡತಿ ಬಂದು ನೋಡಿದಳು. ತುಂಬ ಹೊತ್ತು ನೋಡಿದಳು. "ಅತ್ತಿಗೆಯ ಎಕ್ಸ್-ರೇ ಯಾವಾಗ ತೆಗೆಸಿದ್ರಿ?"

ಮೂರನೆಯ ಭಾನುವಾರದ ಬೆಳಿಗ್ಗೆ ವಾಚಣ್ಣ ಕಿಟಕಿ ಪಕ್ಕದ ಹಲಗೆಯನ್ನು ಮೊಳೆಯಿಂದ ಇಳಿಸಿ ಹಳೇ ಟವೆಲಿನಲ್ಲಿ ಸುತ್ತಿದ. ತಾನೇ ಹೋಗಿ ಕೇಳಿಬಿಡುವುದು. ಏನಂತ ಕೇಳುವುದು ಅನ್ನುವುದು ಗೊತ್ತಿರಲಿಲ್ಲ. ಹೊಸಿಲು ದಾಟುವಾಗ ಹೆಂಡತಿ ಎಕ್ಸ್-ರೇಯನ್ನೂ ಕಂಕುಳಿಗೆ ತುರುಕಿದಳು. "ಎರಡನ್ನೂ ತಗೊಂಡು ಹೋಗಿ. ಬೈಸ್ಕೊಳ್ಳೋದಾದ್ರೆ ಒಂದೇ ಸಲಕ್ಕೆ ಮುಗಿಲಿ."

ಅತ್ತಿಗೆ ಹೊಲಿಗೆ ಮಷೀನಿನ ಮುಂದೆ ಯಾರದೋ ಪರದೆಗೆ ಅಂಚು ಮಡಿಸುತ್ತ ಕೂತಿದ್ದರು. ಅಣ್ಣ ಪೇಪರು ಓದುತ್ತಿದ್ದ. ತಮ್ಮನನ್ನು ನೋಡಿ ಪೇಪರನ್ನು ಮುಖದ ಎತ್ತರಕ್ಕೆ ಏರಿಸಿದ.

"ಬಾ," ಅಂದರು ಅತ್ತಿಗೆ. ಮಷೀನು ನಿಲ್ಲಲಿಲ್ಲ.

"ಅತ್ತಿಗೆ, ಅದು ಹೇಗಾಯ್ತು ಅಂತ ನನಗೆ ನಿಜವಾಗಲೂ ಗೊತ್ತಾಗ್ತಾ ಇಲ್ಲ."

"ಯಾವುದು?"

"ಮುಖ."

"ಹೋದ್ರೆ ಹೋಯ್ತು ಬಿಡು. ಎಷ್ಟು ಜನರ ಮುಖ ಇಟ್ಕೊಳ್ಳೋದು ಗೋಡೆ ಮೇಲೆ." ಅತ್ತಿಗೆ ದಾರ ಕತ್ತರಿಸಿದರು. "ಆ ಡಾಕ್ಟರು ಕೇಳಿದ್ರಲ್ಲ, ತಗಡು ಯಾಕೆ ಅಂತ, ಸರಿಯಾಗೇ ಕೇಳಿದ್ರು. ಮುಖ ಇಲ್ಲದ ಕಡೆ ಹೆಸರು ಯಾಕೆ? ಆ ತಗಡು ಬಿಚ್ಚಿಕೊಡು. ಅದಾದ್ರೂ ಹೊಳೀತಾ ಇದೆ. ನನ್ನ ಮಷೀನಿಗೆ ಹಾಕ್ಕೋತೀನಿ."

ಬೈದಿದ್ದರೆ ವಾಚಣ್ಣನಿಗೆ ಎಷ್ಟೋ ಹಗುರವಾಗುತ್ತಿತ್ತು. ಅವನು ಟವೆಲು ಬಿಚ್ಚಿ, ಹಲಗೆಯನ್ನು ಪರದೆಯ ಮೇಲೆ ಅಂಗಾತ ಇಟ್ಟು, ಜೇಬಿನಿಂದ ವಾಚು ರಿಪೇರಿಯ ಪುಟ್ಟ ಸ್ಕ್ರೂಡ್ರೈವರು ತೆಗೆದ. ಅಂಗಡಿ ಹೋದರೂ ಅದು ಜೇಬು ಬಿಟ್ಟಿರಲಿಲ್ಲ. ಎಡಗಡೆಯ ಸ್ಕ್ರೂ ತಿರುಗಿಸಿದ. ಬಲಗಡೆಯದನ್ನು ತಿರುಗಿಸಿದ. ತಗಡಿನ ಕೆಳಗೆ ಉಗುರು ಹಾಕಿ ಎತ್ತಿದ.

ಕಂದು ಹಲಗೆಯ ಕೆಳಭಾಗದಲ್ಲಿ ಅಂಗೈ ಅಗಲ, ಎರಡು ಬೆರಳು ಎತ್ತರದ ಒಂದು ಪಟ್ಟಿ ಅರಿಶಿನದಷ್ಟು ಹಳದಿಯಾಗಿತ್ತು. ಈಗಷ್ಟೇ ಗರಗಸದಿಂದ ಬಂದ ಹಲಸಿನ ಹಳದಿ.

ವಾಚಣ್ಣ ತಗಡನ್ನು ತಿರುಗಿಸಿ ನೋಡಿದ. ಅದಕ್ಕೇನಾದರೂ ಹಳದಿ ಬಣ್ಣ ಹತ್ತಿದೆಯಾ? ಇಲ್ಲ. ಬೆರಳಿನಿಂದ ಪಟ್ಟಿಯನ್ನು ಉಜ್ಜಿದ. ಹೋಗಲಿಲ್ಲ. ಒಂದೇ ಹಲಗೆ, ಒಂದೇ ಮರ, ಒಂದೇ ವಾರ್ನಿಶು. ಇಲ್ಲಿ ಹಳದಿ, ಅಲ್ಲಿ ಕಂದು. ಈವರೆಗೆ ಇದ್ದ ಗೊಂದಲದ ಜೊತೆಗೆ ಇದೊಂದು ಹೊಸದು ಸೇರಿತು.

ಅತ್ತಿಗೆ ಬಗ್ಗಿ ನೋಡಿದರು. ಪಟ್ಟಿಯ ಅಂಚಿನ ಮೇಲೆ ಬೆರಳಾಡಿಸಿದರು. "ನಿನ್ನ ಸ್ಕೂಲ್ ಚಡ್ಡಿ," ಅಂದರು.

ವಾಚಣ್ಣ ಗಾಬರಿಯಿಂದ ಅಣ್ಣನ ಕಡೆ ನೋಡಿದ. ಅಣ್ಣ ಪೇಪರಿನ ಹಿಂದೆಯೇ ಇದ್ದ. "ಯಾವ ಚಡ್ಡಿ ಅತ್ತಿಗೆ?"

"ನೀಲಿದು. ಬಟ್ಟೆ ತಂದಾಗಲೇ ಅಂಚಿಗೆ ನಾಲ್ಕು ಬೆರಳು ಒಳಗೆ ಮಡಿಸಿ ಹೊಲೀತಿದ್ದೆ. ನೀನು ಉದ್ದ ಆದ ಹಾಗೆಲ್ಲ ಬಿಚ್ಚಿ ಒಂದೊಂದು ಬೆರಳು ಇಳಿಸೋದು. ಮೇಲೆಲ್ಲ ಬಿಸಿಲಿಗೆ ಬೂದಿ ಬಣ್ಣ ಬಂದಿರೋದು, ಇಳಿಸಿದ ಪಟ್ಟಿ ಮಾತ್ರ ಹೊಚ್ಚ ಹೊಸ ನೀಲಿ. ಎಲ್ಲರೂ ನಗ್ತಾರೆ, ಹಾಕ್ಕೊಳಲ್ಲ ಅಂತ ನೀನು ಅಳ್ತಿದ್ದೆ."

"ನೆನಪಿದೆ. ಆದ್ರೆ ಈ ಹಲಗೆಗೂ..."

"ಬಿಸಿಲು ಕಣೋ," ಅಂದರು ಅತ್ತಿಗೆ. "ಮಧ್ಯಾಹ್ನ ಆದ್ರೆ ಆ ಕಿಟಕಿಯಿಂದ ಬಿಸಿಲು ನೇರ ಇದರ ಮೇಲೇ ಬೀಳುತ್ತೆ. ನಾನು ಹನ್ನೆರಡಕ್ಕೆ ಏಳೋದೇ ಅದಕ್ಕೆ, ಕಣ್ಣಿಗೆ ಹೊಡೆಯುತ್ತೆ ಅಂತ. ನಾನು ಎದ್ದು ಬರ್ತೀನಿ, ಇದಕ್ಕೆ ಎದ್ದು ಬರೋಕಾಗಲ್ವಲ್ಲ."

ವಾಚಣ್ಣನ ತಲೆಯೊಳಗೆ ಚಕ್ರಗಳು ಒಂದೊಂದಾಗಿ ಕಚ್ಚಿಕೊಂಡವು. ಬಿಸಿಲಿಗೆ ಮೇಲಿನ ಹಲಸು ವರ್ಷ ವರ್ಷವೂ ಕಪ್ಪಾಗುತ್ತ ಬಂದಿದೆ. ತೂತುಗಳೊಳಗೆ ಇಣುಕಿದ ಅದೇ ಬಿಸಿಲಿಗೆ ಬೀಟೆ ಬಿಳಿಚಿಕೊಳ್ಳುತ್ತ ಬಂದಿದೆ. ಒಂದು ಮೇಲಿನಿಂದ ಇಳಿದು, ಒಂದು ಕೆಳಗಿನಿಂದ ಹತ್ತಿ, ಮೆಟ್ಟಿಲ ಮಧ್ಯದಲ್ಲಿ ಸಿಕ್ಕಿಬಿಟ್ಟಿವೆ. ಉಳಿದ ಐದು ಮುಖಗಳು ಒಳಗೋಡೆಯ ನೆರಳಿನಲ್ಲಿ ತಣ್ಣಗಿವೆ.

"ಹಾಲೆ ಹಾಕಬಾರದಿತ್ತಾ ನನಗೂ?" ಅಂತ ಕೇಳಿದರು ಅತ್ತಿಗೆ.

"ಆಗ ಹಾಲೆ ಅಂದ್ರೆ ಏನು ಅಂತಲೇ ನನಗೆ ಗೊತ್ತಿರಲಿಲ್ಲ ಅನ್ಸುತ್ತೆ. ಅದು ನಾನು ಮಾಡಿದ ಮೊದಲನೇದು."

"ಕಿಟಕಿ ಪಕ್ಕ ಯಾಕೆ ಹಾಕಿದೆ?"

"ಅಲ್ಲಿ ಬೆಳಕು ಚೆನ್ನಾಗಿ ಬೀಳುತ್ತೆ ಅಂತ."

ಅತ್ತಿಗೆ ಹಲಗೆಯ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದರು. ಪೇಪರಿನ ಒಂದು ಮೂಲೆ ಸ್ವಲ್ಪ ಕೆಳಗಿಳಿಯಿತು.

ವಿಷಯ ಅಲ್ಲಿಗೆ ಮುಗಿದಿದ್ದರೆ ವಾಚಣ್ಣ ಗೆದ್ದು ಮನೆಗೆ ಹೋಗಬಹುದಿತ್ತು. ಆದರೆ ಅತ್ತಿಗೆ ಹಲಗೆಯನ್ನು ಎತ್ತಿ, ಬಟ್ಟೆಯ ಒಳಮೈ ನೋಡುವ ಅಭ್ಯಾಸದಂತೆ, ಹಿಂದುಮುಂದು ಮಾಡಿದರು. ಬೆನ್ನಿಗೆ ಪೆನ್ಸಿಲಿನಲ್ಲಿ ವಾಚಣ್ಣನ ಅಕ್ಷರಗಳಿದ್ದವು. ಅತ್ತಿಗೆ ದೂರ ಹಿಡಿದು ಓದಿದರು.

"ಅಕ್ಕ. ಹೊಡೆದುಹಾಕಿದ್ದೀಯ. ಅತ್ತಿಗೆ. ಅದನ್ನೂ ಹೊಡೆದುಹಾಕಿದ್ದೀಯ. ಭಾವ, ಪಕ್ಕದಲ್ಲಿ ಪ್ರಶ್ನೆ ಗುರುತು. ಅದಕ್ಕೂ ಗೆರೆ. ಮತ್ತೆ ಅತ್ತಿಗೆ." ಕನ್ನಡಕದ ಮೇಲಿನಿಂದ ಅವನನ್ನು ನೋಡಿದರು. "ಅಂದ್ರೆ ನಾನು ಎಷ್ಟನೆಯವಳು?"

ವಾಚಣ್ಣ ಸ್ಕ್ರೂಡ್ರೈವರನ್ನು ಜೇಬಿಗೆ ಹಾಕಿ ಮತ್ತೆ ತೆಗೆದ. "ಅದು... ಮೊದಲು ಯಾರದ್ದು ಮಾಡ್ಲಿ ಅಂತ..."

"ಯಾರದ್ದು ಅಂತ?"

"ನೆನಪಿಲ್ಲ ಅತ್ತಿಗೆ."

"ನನ್ನ ಹೆಸರೇ ಇಲ್ವಲ್ಲ ಅದರಲ್ಲಿ," ಅಂತ ಪೇಪರಿನ ಹಿಂದಿನಿಂದ ಅಣ್ಣನ ದನಿ ಬಂತು.

ಅತ್ತಿಗೆಯ ತುಟಿಯ ಕೊನೆ ಅಲುಗಿತು. ಅದು ನಗುವೋ, ಇನ್ನೊಂದು ಸುತ್ತಿನ ಕೋಪದ ಮೊದಲೋ ವಾಚಣ್ಣನಿಗೆ ತಿಳಿಯಲಿಲ್ಲ. ಹೇಗೂ ಇಷ್ಟಾಯಿತು, ಅದೂ ಆಗಿಹೋಗಲಿ ಅಂತ ಎಕ್ಸ್-ರೇಯನ್ನೂ ಮುಂದಿಟ್ಟ.

"ಇದ್ಯಾರು?"

"ನೀವೇ. ಹೊಸದು ಮಾಡೋಕೆ ಹೋದೆ. ಮರ ಅದಲು ಬದಲಾಯ್ತು."

ಅತ್ತಿಗೆ ಅದನ್ನು ಕೈಯಲ್ಲಿ ಹಿಡಿದು, ಎದುರಿನ ಬೀರುವಿನ ಕನ್ನಡಿಯಲ್ಲಿ ತಮ್ಮ ತಲೆಯನ್ನೊಮ್ಮೆ ನೋಡಿಕೊಂಡರು. "ಕೂದಲು ಸರಿಯಾಗೇ ಇದೆ. ಈಗ ಬಿಳಿಯೇ ತಾನೆ. ಮುಖ ಯಾಕೆ ಹೀಗೆ ಸೀದುಹೋಗಿದೆ?"

ಅಣ್ಣ ಪೇಪರು ಪೂರ್ತಿ ಕೆಳಗಿಳಿಸಿ ನೋಡಿದ. "ಈ ಮೂರು ವಾರ ಹೀಗೇ ಇದ್ದಳು," ಅಂದ.

ಆಗ ಅತ್ತಿಗೆ ನಕ್ಕರು. ಬಾಯಿಗೆ ಪರದೆಯ ಅಂಚು ಅಡ್ಡ ಹಿಡಿದು, ಹೆಗಲು ಕುಲುಕುವ ಹಾಗೆ ನಕ್ಕರು. ವಾಚಣ್ಣನಿಗೆ ತಾನೂ ನಗಬೇಕಾ, ಇನ್ನೂ ಸ್ವಲ್ಪ ಹೊತ್ತು ತಪ್ಪಿತಸ್ಥನ ಹಾಗೇ ಇರಬೇಕಾ ಅಂತ ಗೊತ್ತಾಗದೆ ಅರ್ಧ ಮುಖದಲ್ಲಿ ನಕ್ಕ.

"ಸರಿಯಾಗಿ ಇನ್ನೊಂದು ಮಾಡಿಬಿಡ್ತೀನಿ ಅತ್ತಿಗೆ," ಅಂದ. "ಯಾವ ಮರ ಅಂತ ನೀವೇ ಹೇಳಿಬಿಡಿ. ತೇಗದ ಮೇಲೆ..."

"ಬೇಡ. ನೀನು ಮರ ಆರಿಸೋ ಹೊತ್ತಿಗೆ ಈ ಕೂದಲೂ ಉದುರಿಹೋಗಿರುತ್ತೆ. ಇದೇ ಇರಲಿ." ಅತ್ತಿಗೆ ಕುತ್ತಿಗೆಯಲ್ಲಿದ್ದ ಅಳತೆಯ ಟೇಪು ತೆಗೆದು, ಹಳದಿ ಪಟ್ಟಿಯ ಕೆಳಗಿಟ್ಟು ಅಳೆದರು. ಬಟ್ಟೆಗೆ ಗುರುತು ಹಾಕುವ ಚಪ್ಪಟೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದರು. "ತಗಡನ್ನ ಒಂದು ಇಂಚು ಇಳಿಸಿ ಇಲ್ಲಿಗೆ ಹಾಕು. ಪಟ್ಟಿ ಕಾಣಲಿ."

"ಮತ್ತೆ ಮುಖ?"

"ಮುಖ ನೋಡೋಕೆ ಅಂತ ಮರ ಯಾಕೆ? ಭಾನುವಾರ ಭಾನುವಾರ ನಾನೇ ಬರ್ತೀನಲ್ಲ."

ಎರಡು ಮೊಣಕಾಲುಗಳ ನಡುವೆ ಹಲಗೆ ಇಟ್ಟುಕೊಂಡು ವಾಚಣ್ಣ ಅಲ್ಲೇ ತಗಡು ಹಾಕಿದ. ಕೆಳಗಿಳಿದ ತಗಡು, ಅದರ ಮೇಲೆ ಒಂದು ಇಂಚು ಹಳದಿ, ಹಳದಿಯಲ್ಲಿ ಎರಡು ಹಳೆಯ ಸ್ಕ್ರೂ ತೂತುಗಳು. ಬಿಚ್ಚಿದ ಅಂಚಿನಲ್ಲಿ ಉಳಿಯುವ ಹಳೇ ಹೊಲಿಗೆಯ ತೂತುಗಳು ಹೀಗೇ ಇರುತ್ತಿದ್ದವು. ತರಗತಿಯಲ್ಲಿ ಕೂತು ಅವನು ಅವುಗಳನ್ನು ಎಣಿಸುತ್ತಿದ್ದ.

"ಆದ್ರೆ ಅತ್ತಿಗೆ, ಈ ಪಟ್ಟಿನೂ ಬಿಸಿಲಿಗೆ ಕಪ್ಪಾಗುತ್ತೆ."

"ಆದ್ರೆ ಇನ್ನೊಂದು ಇಂಚು ಇಳಿಸು. ಕೆಳಗೆ ಜಾಗ ಬಿಟ್ಟಿದ್ದೀಯಲ್ಲ." ಅತ್ತಿಗೆ ಪರದೆಯನ್ನು ಮತ್ತೆ ಮಷೀನಿಗೆ ಕೊಟ್ಟರು. "ಅಷ್ಟಾದ್ರೂ ಕಲಿತಿದ್ದೀಯ ನನ್ನ ಹತ್ರ."

ತಗಡು ಇಳಿದರೆ ಅದರಡಿ ಹೊಸ ಹಳದಿ ಎಲ್ಲಿಂದ ಬರುತ್ತದೆ, ಅಲ್ಲಿ ಈಗಾಗಲೇ ಕಂದು ತಾನೇ ಇರುವುದು ಅಂತ ವಾಚಣ್ಣನಿಗೆ ದಾರಿಯಲ್ಲಿ ಹೊಳೆಯಿತು. ವಾಪಸು ಹೋಗಿ ಕೇಳಲೇ ಅಂತ ಬೀದಿಯ ಮಧ್ಯೆ ನಿಂತ. ಆಮೇಲೆ ಅತ್ತಿಗೆ ಬಾರದ ಮೂರು ವಾರ ನೆನಪಾಗಿ ಮುಂದೆ ನಡೆದ.

ಮುಂದಿನ ಭಾನುವಾರ ಹತ್ತಕ್ಕೆ ಚಪ್ಪಲಿಯ ಸದ್ದಾಯಿತು. ಅತ್ತಿಗೆ ಬಂದು ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತರು. ಹಲಗೆಯನ್ನು ಒಳಗೋಡೆಗೆ ಹಾಕುತ್ತೇನೆ ಅಂದದ್ದಕ್ಕೆ ಬೇಡ ಅಂದಿದ್ದರು. ತಂದೆಯವರ ಮುಖ ಎಲ್ಲಿಗೆ ಬಂತು ಅಂತ ವಿಚಾರಿಸಲು ಹಲ್ಲಿನ ಡಾಕ್ಟರೂ ಬಂದಿದ್ದರು. ಅವರು ಕಂದು ಹಲಗೆಯನ್ನೂ ಹಳದಿ ಪಟ್ಟಿಯನ್ನೂ ಕೆಳಗೆ ಕೂತವರನ್ನೂ ಸರದಿಯ ಮೇಲೆ ನೋಡಿ, ಈ ಸಲ ಏನೂ ಕೇಳಲಿಲ್ಲ.

ಡಾಕ್ಟರ ತಂದೆಯ ಮುಖ ಎಲ್ಲಿಗೂ ಬಂದಿರಲಿಲ್ಲ. ವಾಚಣ್ಣ ಒಳಗಿನಿಂದ ಎರಡು ತುಂಡು ತಂದು ಅತ್ತಿಗೆಯ ಮುಂದೆ ಹಿಡಿದ. "ಹಿಂದುಗಡೆಗೆ ಇದೋ, ಅದೋ?"

ಅತ್ತಿಗೆ ಬೀದಿಯಲ್ಲಿ ಯಾರದೋ ಅಂಗಿಯ ಕಾಲರು ನೋಡುತ್ತ, ಕಾಫಿ ಹಿಡಿದ ಕೈಯಲ್ಲೇ ಬೆರಳು ತೋರಿಸಿದರು. "ಅದು."

ವಾಚಣ್ಣನಿಗೆ ತಕ್ಷಣ ಇದೇ ಚೆನ್ನ ಅನ್ನಿಸಿತು. ಆದರೂ ಅತ್ತಿಗೆ ಹೇಳಿದ ಮೇಲೆ ಮುಗಿಯಿತು ಅಂತ, ಬಾಯಿ ಬಿಗಿಹಿಡಿದು, ಎರಡನ್ನೂ ಎತ್ತಿಕೊಂಡು ಹಿಂದಿನ ಕೋಣೆಗೆ ಹೋದ. ಮಷೀನಿನ ಮುಂದೆ ಕೂತು, ದೀಪ ಹಾಕಿ, ಅಂಟಿನ ಡಬ್ಬಿ ತೆರೆದ. ಆಮೇಲೆ ಎರಡು ಕೈಗಳನ್ನೂ ನೋಡಿಕೊಂಡ. ಅತ್ತಿಗೆ ತೋರಿಸಿದ್ದು ಯಾವ ಕೈಯಲ್ಲಿದ್ದದ್ದನ್ನು ಅನ್ನುವುದು ನೆನಪಾಗಲಿಲ್ಲ.